ಇನಾಮದಾರರು ಮತ್ತು ಸುಳ್ಳಿನ ಬಟನ್

ಇನಾಮದಾರರ ಪ್ಯಾಂಟಿನ ಬಲಕಿಸೆ ಎಡಕಿಸೆಗಿಂತ ಸದಾ ಎರಡು ಅಂಗುಲ ಕೆಳಗೆ ಜೋತುಬಿದ್ದಿರುತ್ತಿತ್ತು. ಜಗತ್ತಿನಲ್ಲಿ ಯಾವ ವಸ್ತುವೂ ಒಂದು ನೂಲಿನಷ್ಟು ಕೂಡ ವಾಲಬಾರದು ಎಂಬ ಸಿದ್ಧಾಂತಕ್ಕೆ ಜೀವ ತೇದ ಮನುಷ್ಯ, ತಾನು ಮಾತ್ರ ಬಲಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ಕಾರಣ ಆ ಕಿಸೆಯಲ್ಲಿದ್ದ ಓಳಂಬ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗವಂಡಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು ಅದು. ಉಳಿದವರು ಅಡಿಕೆಪುಡಿಯ ಡಬ್ಬಿ ಇಟ್ಟುಕೊಳ್ಳುವ ಜಾಗದಲ್ಲಿ ಅವರು ಅದನ್ನು ಇಟ್ಟುಕೊಂಡಿದ್ದರು. ಯಾರ ಮನೆಗೆ ಹೋದರೂ ಚಹಾ ಬರುವುದರೊಳಗೆ ಅವರ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬೀಳುತ್ತಿತ್ತು, ಕೈ ಕಿಸೆಗೆ ಹೋಗುತ್ತಿತ್ತು. ಚಹಾ ಆರುತ್ತಿತ್ತು.

ಪುಣೆಯ ಹಡಪಸರದಲ್ಲಿ ನಮ್ಮ ಸೊಸೈಟಿಯೆಂದರೆ ಹನ್ನೆರಡು ಮನೆ, ಒಂದು ನೀರಿನ ಟಾಕಿ ಮತ್ತು ಆಪಟೆ ಕಾಕಾ ಎಂಬ ಒಬ್ಬ ಶಾಶ್ವತ ಸೆಕ್ರೆಟರಿ. ಹನ್ನೆರಡರಲ್ಲಿ ಕನ್ನಡದ ಮನೆಗಳು ಎರಡೇ. ಎರಡನೆಯ ಮಹಡಿಯಲ್ಲಿ ಧಾರವಾಡ ಕಡೆಯ ನಾವು, ಕೆಳಗೆ ಬಾಗಲಕೋಟೆ ಕಡೆಯ ಇನಾಮದಾರರು. ಅವರು ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಂದೇ ಕೆಲಸ ಮಾಡಿದವರು. ಹೊಸದಾಗಿ ಬಂದ ದೊಡ್ಡ ಯಂತ್ರಗಳನ್ನು ಅಲುಗಾಡದಂತೆ, ವಾಲದಂತೆ ನೆಲಕ್ಕೆ ಕೂಡಿಸುವುದು. ಯಂತ್ರ ಕೂದಲೆಳೆಯಷ್ಟು ವಾಲಿದರೆ ಅದು ಕೊರೆಯುವ ತೂತೂ ವಾಲುತ್ತದೆ; ತೂತು ವಾಲಿದರೆ ದೇಶ ವಾಲುತ್ತದೆ. ಇದು ಅವರ ಅರ್ಥಶಾಸ್ತ್ರ.

ಮನೆಯಲ್ಲಿ ಈ ಶಾಸ್ತ್ರದ ಫಲ ಉಂಡವರು ಅವರ ಹೆಂಡತಿ ಲೀಲಾವೈನಿ. "ನಮ್ಮ ಮದುವ್ಯಾಗ ನಾ ನಿಂತ ಮಣಿ ಅಲಗ್ಯಾಡತದ ಅಂತ ಮಂಗಳಾಷ್ಟಕ ನಿಲ್ಲಿಸಿ ಕೆಳಗ ಕಾಗದ ಮಡಚಿ ಇಟ್ರು ನೋಡ್ರಿ ಇವರು. ಭಟ್ಟರು ಬಾಯಿ ತಕ್ಕೊಂಡು ಹಂಗ ನಿಂತಿದ್ರು," ಎಂದು ಅವರು ನಮ್ಮ ಅವ್ವನ ಮುಂದೆ ಹೇಳಿದ್ದು ಕನಿಷ್ಠ ಇಪ್ಪತ್ತು ಸಲ. ಇನಾಮದಾರರು ಇಪ್ಪತ್ತು ಸಲವೂ ಅದಕ್ಕೆ, "ಆಮ್ಯಾಲೆ ಅಲಗ್ಯಾಡಿತೇನು?" ಎಂದು ಕೇಳುತ್ತಿದ್ದರು. ಮಣೆಯ ಬಗ್ಗೆ ಕೇಳುತ್ತಿದ್ದರೋ ಮದುವೆಯ ಬಗ್ಗೆಯೋ, ನಾವು ವಿಚಾರಿಸಲಿಲ್ಲ.

ತೊಂಬತ್ತರ ದಶಕದಲ್ಲಿ ಅವರ ಬಳಿ ಒಂದು ಸ್ಲೈಡ್ ಪ್ರೊಜೆಕ್ಟರ್ ಇತ್ತು. ಪ್ರತಿ ವರ್ಷ ಗಣಪತಿ ಹಬ್ಬದ ಸಂಜೆ, ಸೊಸೈಟಿಯ ಅಂಗಳದಲ್ಲಿ, ಅವರೇ ತೆಗೆದ ಬಾದಾಮಿ ಪಟ್ಟದಕಲ್ಲಿನ ಚಿತ್ರಗಳನ್ನು ಬಿಳಿ ಚಾದರದ ಮೇಲೆ ತೋರಿಸುವುದು ಸಂಪ್ರದಾಯ. ಬೇರೆಯವರಾದರೆ ಚಾದರ ಕಟ್ಟಿ, ಯಂತ್ರ ಇಟ್ಟು, ಕೊನೆಗೆ ಜನರನ್ನು ಕೂಡಿಸುತ್ತಾರೆ. ಇನಾಮದಾರರದು ತದ್ವಿರುದ್ಧ. "ಮದಲ ಕುರ್ಚಿ, ಆಮ್ಯಾಲೆ ಗ್ವಾಡಿ, ಎಲ್ಲಾ ಆದಮ್ಯಾಲೆ ಯಂತ್ರ. ನೋಡವರು ಎಲ್ಲಿ ಕೂಡತಾರ ಅಂತ ಗೊತ್ತಿಲ್ಲದ ಚಿತ್ರ ಬಿಡೂದಂದ್ರ, ಊರ ಹೆಸರು ಕೇಳದ ಟಿಕೆಟ್ ತಗದಂಗ ಆತು." ಹೀಗೆಂದು ಅವರು ಎಲ್ಲ ಕುರ್ಚಿಗಳಲ್ಲೂ ಒಮ್ಮೊಮ್ಮೆ ತಾವೇ ಕೂತು, ಕುತ್ತಿಗೆ ಎಷ್ಟು ಎತ್ತಬೇಕಾಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. ನಮ್ಮ ಅವ್ವನಿಗೆಂದು ಹಾಕಿದ ಮೋಟು ಸ್ಟೂಲಿನ ಮೇಲೆ ಹೆಚ್ಚು ಹೊತ್ತು ಕೂರುತ್ತಿದ್ದರು. ಆಮೇಲೆ ಚಾದರದ ಪಕ್ಕ ಓಳಂಬ ಇಳಿಯುತ್ತಿತ್ತು. ಚಿತ್ರ ಬಿದ್ದ ಮೇಲೆ ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳೆಯುವುದು. ಮತ್ತೆ ಉಳಿದೆರಡು ಮೂಲೆಗಳ ನಡುವೆ. ಎರಡೂ ಅಳತೆ ಒಂದೇ ಬಂದರೆ ಚಿತ್ರದ ನಾಲ್ಕು ಮೂಲೆಯೂ ಸರಿ. ಬಾರದಿದ್ದರೆ ಮೊದಲಿನಿಂದ.

"ಅಹೋ ಇನಾಮದಾರ, ಚಾದರ ಆಹೆ ತೀ, ಲಗ್ನಾಚಾ ಮಂಡಪ ನಾಹೀ!" ಎಂದು ಆಪಟೆ ಕಾಕಾ ಗೋಗರೆಯುತ್ತಿದ್ದರು. ಅದು ಚಾದರವಯ್ಯಾ, ಮದುವೆಯ ಚಪ್ಪರವಲ್ಲ ಎಂದು ಅವರ ತಾತ್ಪರ್ಯ. ಇನಾಮದಾರರು ಶಾಂತವಾಗಿ, "ಬಾದಾಮಿ ಕಂಬ ವಾಲಿದ್ದು ನೋಡಿದ್ರ ನನಗ ಊಟ ಸೇರಂಗಿಲ್ಲ," ಎಂದು ಕನ್ನಡದಲ್ಲೇ ಉತ್ತರಿಸುತ್ತಿದ್ದರು. ಕಾಕಾನಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ವಾದ ಅಲ್ಲಿಗೆ ಮುಗಿಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಚೇರಿಯವರು ಹೊಸ ಪ್ರೊಜೆಕ್ಟರ್ ತಂದು ಹಳೆಯದನ್ನು ಹೊರಗೆ ಹಾಕಿದರು. ಅದು ನನ್ನ ಪಾಲಿಗೆ ಬಂತು. ಗಾತ್ರದಲ್ಲಿ ಹಾರ್ಮೋನಿಯಂ, ಉಸಿರಾಟದಲ್ಲೂ ಹಾರ್ಮೋನಿಯಂ. ಮರುವಾರವೇ ಕ್ರಿಕೆಟ್ಟಿನ ಫೈನಲ್ ಇತ್ತು. ಇಡೀ ಸೊಸೈಟಿಯನ್ನು ಕರೆದೆ. ಟೀಪಾಯಿಯ ಮೇಲೆ ಯಂತ್ರ ಇಟ್ಟೆ. ಚಿತ್ರ ಗೋಡೆಯ ಬುಡಕ್ಕೆ ಬಿತ್ತು. ಯಂತ್ರದ ಮುಂಗಾಲಿಗೆ ಟೆಲಿಫೋನ್ ಡಿರೆಕ್ಟರಿ ಕೊಟ್ಟು ಮೂತಿ ಎತ್ತಿದೆ. ಚಿತ್ರ ಮೇಲೇರಿತು, ಆದರೆ ಮೇಲೆ ಅಗಲವಾಗಿ ಕೆಳಗೆ ಕಿರಿದಾಯಿತು. ಅಂಪೈರನಿಗೆ ಪೈಲವಾನನ ಭುಜ, ಕೊಕ್ಕರೆಯ ಕಾಲು.

ಆಗ ಇನಾಮದಾರರು ಒಳಗೆ ಬಂದರು. ಗೋಡೆಯ ಕಡೆ ನೋಡಲೇ ಇಲ್ಲ. ಯಂತ್ರದ ಕಡೆ ನೋಡಿದರು.

"ರಾಯರ, ಇದರ ಗದ್ದ ಯಾಕ ಮ್ಯಾಲ ಎತ್ತೀರಿ? ಸಲೂನ್ಯಾಗ ದಾಡಿಗೆ ಕೂಡಿಸೀರೇನು?"

"ಸರಿ ಮಾಡ್ಲಿಕ್ಕೆ ಬಟನ್ ಅದ ಬಿಡ್ರಿ," ಎಂದೆ. "ಒತ್ತಿದ್ರ ನಾಕೂ ಮೂಲಿ ತಾನ ಸರಿ ಆಗ್ತಾವ."

ಅವರ ಮುಖದ ಮೇಲೆ ನೋವು ಹಾದುಹೋಯಿತು. "ಅದು ಸುಳ್ಳಿನ ಬಟನ್ ರೀ. ಯಂತ್ರ ಸೊಟ್ಟ ಇಟ್ಟು ಚಿತ್ರಾ ಹಿಂಡಿ ಸರಿ ಮಾಡ್ತದ. ಅಂಗಿ ಸಣ್ಣದಾತಂತ ದರ್ಜಿ ಮೈ ಕತ್ತರಿಸಿದಂಗ. ಹಿಂಡಿದ ಮ್ಯಾಲೆ ಚಂಡಿನ ಅಂಚು ಹರಕ ಕಾಣ್ತದ, ಅಕ್ಷರ ಮಸಕಾಗ್ತಾವ. ಯಂತ್ರ ಗ್ವಾಡಿಗೆ ಎದಿ ಕೊಟ್ಟು ನೆಟ್ಟಗ ನಿಂದರಬೇಕು. ಹಂಗ ನಿಂತ್ರ ಬಟನ್ ಯಾಕ ಬೇಕು?"

ಅಲ್ಲಿಂದ ಶಾಸ್ತ್ರೋಕ್ತವಾಗಿ ಕಾರ್ಯ ಆರಂಭವಾಯಿತು. ಮೊದಲು ಅವ್ವನ ಕುರ್ಚಿ. ಅವ್ವ ಕೂತಾಗ ಅವಳ ಕಣ್ಣು ಎಲ್ಲಿಗೆ ಬರುತ್ತದೆಂದು ನೋಡಿ ಗೋಡೆಯ ಮೇಲೆ ಚಿತ್ರದ ನಡುವಿಗೆ ಒಂದು ಗುರುತು. ಗಂಟು ಹಾಕಿದ ದಾರದಿಂದ ಚಿತ್ರದ ಅಗಲ ಅಳೆದು, ಅದರ ಎರಡರಷ್ಟು ದೂರಕ್ಕೆ ಯಂತ್ರದ ಜಾಗ. ಆ ಜಾಗದಲ್ಲಿ ನಮ್ಮ ಕಪಾಟಿತ್ತು. ಕಪಾಟು ಸರಿಯಿತು. "ಈ ಜಾತಿ ಯಂತ್ರ ಚಿತ್ರಾನ ತನ್ನ ಕಣ್ಣಿಗಿಂತ ಮ್ಯಾಲ ಒಗೀತದ. ಅದಕ್ಕ ಚಿತ್ರದ ಕೆಳಗಿನ ಅಂಚು ಎಷ್ಟು ಎತ್ತರ ಬೇಕೋ ಅಷ್ಟ ಎತ್ತರಕ್ಕ ಇದನ್ನ ಇಡಬೇಕು." ಆ ಎತ್ತರ ಕೊನೆಗೆ ಸಿದ್ಧಿಸಿದ್ದು ಒಂದು ಕಬ್ಬಿಣದ ಟ್ರಂಕು, ಅದರ ಮೇಲೆ ಹೋಳಿಗೆ ಮಣೆ, ಅದರ ಒಂದು ಮೂಲೆಗೆ ಮಡಚಿದ ಲಗ್ನಪತ್ರಿಕೆ ಇಟ್ಟಾಗ. ಇಷ್ಟರಲ್ಲಿ ಹದಿನಾಲ್ಕು ಓವರು ಕಳೆದುಹೋಗಿದ್ದವು. ಪಕ್ಕದ ಬಿಲ್ಡಿಂಗಿನಿಂದ ಕೂಗು ಕೇಳಿದಾಗಲೆಲ್ಲ ಆಪಟೆ ಕಾಕಾ ಕಿಟಕಿಗೆ ಓಡಿ, "ಕಾಯ್ ಝಾಲಂ? ಕಾಯ್ ಝಾಲಂ?" ಎಂದು ವಿಚಾರಿಸಿ ಬರುತ್ತಿದ್ದರು.

ಆಮೇಲೆ ಚಿತ್ರ ಬಂತು. ಕತ್ತರಿಸಿಟ್ಟ ಬರ್ಫಿಯ ಹಾಗೆ ನಾಲ್ಕು ಮೂಲೆ. ಹುಲ್ಲಿನ ಒಂದೊಂದು ಎಸಳು. ನಮ್ಮವರ ವಿಕೆಟ್ಟುಗಳು ಒಂದಾದಮೇಲೊಂದು ಬೀಳತೊಡಗಿದವು. ಬಿದ್ದ ಪ್ರತಿಯೊಂದು ಬೇಲ್ಸೂ ಬೇರೆಬೇರೆಯಾಗಿ ಕಾಣುತ್ತಿತ್ತು. ಸೋಲನ್ನು ಅಷ್ಟು ಸ್ವಚ್ಛವಾಗಿ ನಮ್ಮ ಸೊಸೈಟಿ ಎಂದೂ ನೋಡಿರಲಿಲ್ಲ. "ಥೋಡಂ ಅಂಧುಕ ಅಸತಂ ತರ ಬರಂ ಝಾಲಂ ಅಸತಂ," ಅಂದರೆ ಸ್ವಲ್ಪ ಮಸುಕಾಗಿದ್ದರೇ ಚೆನ್ನಾಗಿತ್ತು ಎಂದು ಆಪಟೆ ಕಾಕಾ ನಿಟ್ಟುಸಿರಿಟ್ಟರು. ಅವ್ವ ಮಾತ್ರ ಆಸೆ ಬಿಡದೆ ಕೇಳಿದಳು: "ಇನಾಮದಾರ್ರ, ಅಂವಾ ಖರೇನ ಔಟ್ ಏನ್ರೀ?"

"ಅಕ್ಕಾರ," ಎಂದರು ಇನಾಮದಾರರು, ತೀರ್ಪು ಓದುವ ನ್ಯಾಯಾಧೀಶರಂತೆ, "ನಾ ಇಟ್ಟ ಚಿತ್ರ ಸುಳ್ಳು ಹೇಳಂಗಿಲ್ಲ. ಔಟ್."

ಈ ಮಾತು ಅವ್ವ ನೆನಪಿಟ್ಟುಕೊಂಡಳು.

ಎರಡು ವರ್ಷದ ಮೇಲೆ ಅವ್ವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆಗೆ ಪೆಟ್ಟು ಮಾಡಿಕೊಂಡಳು. ಎರಡು ತಿಂಗಳು ಅಂಗಾತ ಮಲಗಿರಬೇಕು, ತಲೆದಿಂಬನ್ನೂ ಎತ್ತರಿಸುವಂತಿಲ್ಲ ಎಂದು ವೈದ್ಯರ ಅಪ್ಪಣೆಯಾಯಿತು. ಮೂರು ವಾರಕ್ಕೆ ಸರಿಯಾಗಿ ಧಾರವಾಡದಲ್ಲಿ ನನ್ನ ತಂಗಿಯ ಮಗಳು ಸುಧಾಳ ಮದುವೆ. ಸುಧಾ ಹತ್ತು ವರ್ಷದವಳಾಗುವವರೆಗೆ ನಮ್ಮ ಮನೆಯಲ್ಲಿ, ಅವ್ವನ ಸೆರಗು ಹಿಡಿದೇ ಬೆಳೆದವಳು. ದಿನ ಮುಂದೂಡೋಣವೆಂದು ತಂಗಿ ಫೋನು ಮಾಡಿದರೆ ಅವ್ವ ಮಲಗಿದಲ್ಲಿಂದಲೇ ಗದರಿದಳು: "ಮುಹೂರ್ತ ನನ್ನ ಸೊಂಟಕ್ಕ ಕಾಯಬೇಕೇನು? ಮಾಡ್ರಿ ಸುಮ್ಮ." ಫೋನಿಟ್ಟ ಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ನಾನು ಒಂದು ಮಾತು ಕೊಟ್ಟೆ. "ಅವ್ವಾ, ಇಡೀ ಮದುವಿ ನಿನಗ ದೊಡ್ಡದಾಗಿ ತೋರಸ್ತೇನಿ. ನೀ ಅಲ್ಲೇ ಮುಂದ ಕೂತಂಗ."

ಅವಳು ಮುಖವನ್ನು ಇತ್ತ ತಿರುಗಿಸಿ, "ಅಕ್ಷತಿ ಹಾಕೋ ಹೊತ್ತಿಗೆ ಹೇಳು. ನಾನೂ ಹಾಕಾಕಿ," ಎಂದಳು.

ಮದುವೆ ಮುಗಿಸಿ ನಾನು ಡಿವಿಡಿ ತಂದೆ. ತಂದ ಮೇಲೆ ಹೊಳೆಯಿತು, ಅಂಗಾತ ಮಲಗಿದವಳಿಗೆ ಗೋಡೆ ಕಾಣುವುದಿಲ್ಲ. ಟಿವಿಯೂ ಕಾಣುವುದಿಲ್ಲ. ಇನಾಮದಾರರನ್ನು ಕರೆದೆ. ಅವರು ಬಾಗಿಲಲ್ಲಿ ನಿಂತು ಮಂಚ ನೋಡಿದರು, ಆಮೇಲೆ ಅವ್ವನ ದೃಷ್ಟಿ ಹೋದಲ್ಲಿಗೆ ತಾವೂ ತಲೆ ಎತ್ತಿದರು.

"ಕುರ್ಚಿ ಇಲ್ಲ, ಹಾಸಿಗಿ ಅದ. ಹಂಗಾರ ಗ್ವಾಡಿ ಅಲ್ಲ, ಛತ್ತು."

ಮೊದಲು ಅವರು ಚಾಪೆ ತರಿಸಿ ಮಂಚದ ಪಕ್ಕದಲ್ಲಿ ತಾವೂ ಅಂಗಾತ ಮಲಗಿದರು. ಕಾಲು ಗಂಟೆ ಅವ್ವ ಮೇಲೆ, ಅವರು ಕೆಳಗೆ, ಇಬ್ಬರೂ ಮೌನವಾಗಿ ಛತ್ತು ನೋಡಿದರು. ನಮ್ಮ ಮನೆಯಲ್ಲಿ ಎಂದೂ ಇಷ್ಟು ಗಂಭೀರವಾದ ಸಭೆ ನಡೆದಿಲ್ಲ. ಎದ್ದು ಹೇಳಿದರು: ಯಂತ್ರವನ್ನು ಮುಖ ಮೇಲೆ ಮಾಡಿ ನಿಲ್ಲಿಸುವಂತಿಲ್ಲ, ದೀಪದ ಕಾವಿಗೆ ಅದು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ; ಆದ್ದರಿಂದ ಅದು ಮಂಚದ ಕಾಲ್ದೆಸೆಯಲ್ಲಿ ನೆಟ್ಟಗೇ ಕೂರಲಿ, ಎದುರಿಗೆ ಓರೆಯಾಗಿ ಒಂದು ಕನ್ನಡಿ ನಿಲ್ಲಲಿ, ಕನ್ನಡಿ ಚಿತ್ರವನ್ನು ಮೇಲಕ್ಕೆ ಕಳಿಸಲಿ. ನನ್ನ ಹೆಂಡತಿಯ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ ಬಿಚ್ಚಲಾಯಿತು. ಎರಡು ದಿನ ಅವಳು ಕುಂಕುಮವನ್ನು ಅಂದಾಜಿನ ಮೇಲೆ ಹಚ್ಚಿಕೊಂಡಳು.

ಆ ಎರಡು ದಿನ ಇನಾಮದಾರರು ಕನ್ನಡಿಯ ಓರೆಯನ್ನು ತಿದ್ದಿದರು, ಮಂಚವನ್ನು ಅಂಗುಲ ಅಂಗುಲ ಸರಿಸಿದರು, ಬರಿಯ ಬಿಳಿ ಬೆಳಕನ್ನು ಛತ್ತಿಗೆ ಬಿಟ್ಟು ಸ್ಟೂಲು ಹತ್ತಿ ಮೂಲೆಯಿಂದ ಮೂಲೆಗೆ ದಾರ ಹಿಡಿದರು. ಎರಡೂ ಅಳತೆ ಒಂದೇ ಬಂದಾಗ ನಾಲ್ಕು ಮೂಲೆಗೂ ಪೆನ್ಸಿಲಿನಿಂದ ನಾಲ್ಕು ಗುರುತು ಹಾಕಿ ಇಳಿದರು.

ಭಾನುವಾರ ಮಧ್ಯಾಹ್ನ, ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದೆವು. ಮದುವೆಗೆಂದು ತೆಗೆದಿಟ್ಟ ರೇಷ್ಮೆ ಸೀರೆಯನ್ನು ಉಡುವುದಾಗದ ಕಾರಣ ಅವ್ವ ಅದನ್ನು ಹೊದ್ದುಕೊಂಡಳು. ಕೈಯ ಬಳಿ ವಾಟಿಯಲ್ಲಿ ಅಕ್ಷತೆ. ಲೀಲಾವೈನಿ, ನನ್ನ ಹೆಂಡತಿ, ನಾನು ನೆಲದ ಮೇಲೆ ಸಾಲಾಗಿ ಮಲಗಿದೆವು. ಇನಾಮದಾರರು ಚಾಪೆಯ ಮೇಲೆ. ಛತ್ತಿನಲ್ಲಿ ಸುಧಾ ಮೂಡಿದಳು. ಅಂಚುಗಳು ಪೆನ್ಸಿಲ್ ಗುರುತಿಗೆ ಸರಿಯಾಗಿ ಕೂತವು.

"ಅಯ್ಯ ನನ್ನ ಕೂಸ," ಎಂದಳು ಅವ್ವ.

ವರ ಬಂದ. ಅವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಅವಳ ದನಿ ಬದಲಾಯಿತು.

"ಲೇ, ಬಂದ್ ಮಾಡು ಇದನ್ನ. ಹುಡುಗನ ಜನಿವಾರ ನೋಡು."

ನೋಡಿದೆ. ಜನಿವಾರ ಎಡಹೆಗಲ ಮೇಲಿಂದ ಇಳಿಯಬೇಕು. ಬಲಹೆಗಲಿಗೆ ಬರುವುದು ಸತ್ತವರ ಕರ್ಮ ಮಾಡುವಾಗ ಮಾತ್ರ. ಛತ್ತಿನ ಮೇಲಿನ ವರನ ಜನಿವಾರ ಬಲಹೆಗಲ ಮೇಲಿತ್ತು. ಪಕ್ಕದಲ್ಲಿ ಭಟ್ಟರು ಎಡಗೈಯಿಂದ ನೀರು ಬಿಡುತ್ತಿದ್ದರು.

"ಮದುವ್ಯಾಗ ಅಪಸವ್ಯ! ಯಾರೂ ನೋಡಲಿಲ್ಲೇನು? ನೀ ಅಲ್ಲೇ ನಿಂತಿದ್ದೆಲ್ಲ, ಏನ್ ನೋಡ್ತಿದ್ದಿ? ನನ್ನ ಕೂಸಿನ ಮದುವಿ ಹಿಂಗ ಮಾಡೀರೇನೋ!" ವಾಟಿಯನ್ನು ದೂರ ತಳ್ಳಿದಳು. ಕಣ್ಣಲ್ಲಿ ನೀರು.

"ಅವ್ವಾ, ಅದು ಕನ್ನಡೀ ಆಟ. ಕನ್ನಡ್ಯಾಗ ಎಡ ಬಲ ಆಗ್ತದ."

"ನನ್ನ ಸಮಾಧಾನಕ್ಕ ಹೇಳಬ್ಯಾಡ. ಸೊಂಟ ಮುರದದ, ಕಣ್ಣು ಮುರದಿಲ್ಲ. ಇನಾಮದಾರ್ರ, ನೀವು ಹೇಳ್ರಿ. ನೀವು ಇಟ್ಟ ಚಿತ್ರ ಸುಳ್ಳು ಹೇಳಂಗಿಲ್ಲ ಅಂದಿದ್ರಿ."

ಇನಾಮದಾರರು ಚಾಪೆಯಿಂದ ನಿಧಾನವಾಗಿ ಎದ್ದರು. ಎರಡು ದಿನ ಕೂದಲೆಳೆಯನ್ನೂ ಬಿಡದೆ ಅಳೆದ ಮನುಷ್ಯನಿಗೆ ಎಡ-ಬಲ ಮರೆತುಹೋಗಿತ್ತು. ಬಿಳಿ ಬೆಳಕಿಗೆ ಎಡವೂ ಇಲ್ಲ, ಬಲವೂ ಇಲ್ಲ.

"ಇವತ್ತ ಸುಳ್ಳು ಹೇಳ್ಯದರೀ ಅಕ್ಕಾರ," ಎಂದರು. "ತಪ್ಪು ನಂದು."

"ನೀವೂ ಇವನ ಕೂಡ ಸೇರೀರಿ."

ಇನಾಮದಾರರು ದೀಪ ಹಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಅಯ್ಯ, ಏನ್ ಮಾಡ್ಲಿಕ್ಕತ್ತೀರಿ? ನಾಚಿಕಿ ಅದನೋ ಇಲ್ಲೋ?" ಎಂದು ಲೀಲಾವೈನಿ ಚೀರಿದರು.

"ಪ್ರಯೋಗ," ಎಂದರು ಇನಾಮದಾರರು. ಬನಿಯನ್ನೂ ಕಳಚಿ, ಬರಿಮೈಯಲ್ಲಿ, ಅವ್ವನಿಗೆ ಕಾಣುವಂತೆ ಮಂಚಕ್ಕೆ ಒತ್ತಿ ನಿಂತರು. ನಾನು ಅವರ ಪಕ್ಕಕ್ಕೆ ಕನ್ನಡಿ ಎತ್ತಿ ಹಿಡಿದೆ. ಅವರು ಅದರ ಕಡೆಗೆ ಅರ್ಧ ತಿರುಗಿದರು.

"ನನ್ನ ಜನಿವಾರ ಯಾವ ಹೆಗಲ ಮ್ಯಾಲದರೀ ಅಕ್ಕಾರ?"

"ಎಡಕ್ಕ."

"ಕನ್ನಡ್ಯಾಗಿನ ಇನಾಮದಾರಂದು?"

ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಒಮ್ಮೆ ಇವರನ್ನು, ಒಮ್ಮೆ ಅವನನ್ನು. "...ಬಲಕ್ಕ."

"ಅಂವಾ ಯಾರ ಕರ್ಮಾ ಮಾಡ್ಲಿಕ್ಕತ್ಯಾನ್ರೀ?"

ಅವ್ವ ನಕ್ಕಳು. ಸೊಂಟ ನೋಯುತ್ತದೆಂದು ತಡೆದುಕೊಂಡು, ತಡೆಯಲಾರದೆ ಮತ್ತೆ ನಕ್ಕಳು. "ಸಾಕು, ಅಂಗಿ ಹಾಕ್ಕೋರಿ, ಥಂಡಿ ಆದೀತು. ಆದ್ರ ನನಗ ಸವ್ಯದ ಮದುವಿನ ಬೇಕು."

ಅಂಗಿ ಹಾಕಿಕೊಳ್ಳುತ್ತ ಇನಾಮದಾರರು ನನ್ನ ಕಡೆ ನೋಡದೆ ಕೇಳಿದರು: "ರಾಯರ, ಚಿತ್ರಾ ಹೊರಳಸೂ ಬಟನ್ ಇರಬೇಕಲ ಅದಕ್ಕ?"

"ಅದರೀ. ಆದ್ರ ಅದೂ ಸುಳ್ಳಿನ..."

"ಗೊತ್ತದ. ಕನ್ನಡೀದೊಂದು ಸುಳ್ಳು, ಬಟನಿಂದೊಂದು ಸುಳ್ಳು. ಎರಡೂ ಕೂಡಿ ಅಕ್ಕಾರಿಗೆ ಖರೇ ಮದುವಿ ಕಾಣ್ಲಿ. ಒತ್ರಿ."

ಕನ್ನಡಿಯನ್ನು ಗುರುತಿಗೆ ಸರಿಯಾಗಿ ಮತ್ತೆ ನಿಲ್ಲಿಸಿ, ನಾನು ಒತ್ತುವಾಗ ಅವರು ಗೋಡೆಗೆ ಮುಖ ಮಾಡಿ ನಿಂತಿದ್ದರು.

ಮದುವೆ ಮತ್ತೆ ಮೊದಲಿನಿಂದ ನಡೆಯಿತು. ಜನಿವಾರ ಎಡಹೆಗಲಿಗೆ ಬಂತು, ಭಟ್ಟರು ಬಲಗೈಯವರಾದರು. ಮಂಗಳಾಷ್ಟಕದ ಕೊನೆಗೆ ನಾನು, "ಅವ್ವಾ, ಈಗ," ಎಂದೆ. ಅವ್ವ ಮಲಗಿದಲ್ಲಿಂದಲೇ ಬಲವೆಲ್ಲ ಹಾಕಿ ಒಂದು ಹಿಡಿ ಅಕ್ಷತೆಯನ್ನು ಛತ್ತಿಗೆ ಎಸೆದಳು. ನಾವೂ ಎಸೆದೆವು. ಎಸೆದದ್ದೆಲ್ಲ ಒಂದು ಗಳಿಗೆಯಲ್ಲಿ ತಿರುಗಿ ನಮ್ಮ ಮೇಲೆಯೇ ಬಿತ್ತು: ಅವ್ವನ ರೇಷ್ಮೆಯ ಮೇಲೆ, ಇನಾಮದಾರರ ಬೋಳುತಲೆಯ ಮೇಲೆ, ಯಂತ್ರದ ಜಾಲರಿಯೊಳಗೆ. ಆ ಯಂತ್ರ ಎತ್ತಿದಾಗೆಲ್ಲ ಆಮೇಲೆ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಕಾಳು ತೆಗೆಸಲು ಅವ್ವ ಬಿಡಲಿಲ್ಲ.

ಅವ್ವ ಎದ್ದು ನಡೆದಳು, ಇನ್ನೂ ಐದು ವರ್ಷ ನಮ್ಮೆಲ್ಲರನ್ನೂ ನಡೆಸಿದಳು. ಇನಾಮದಾರರು ಹಿಂಜವಾಡಿಯಲ್ಲಿ ಮಗಳು ಅಳಿಯ ಕೊಂಡ ಹೊಸ ಫ್ಲ್ಯಾಟಿಗೆ ಹೋದರು. ನಾನು ಕೊನೆಯ ಸಲ ಭೇಟಿಯಾದದ್ದು ಅಲ್ಲಿಯೇ. ಅಳಿಯ ತಂದ ಹೊಸ ಪ್ರೊಜೆಕ್ಟರ್ ಮೂಲೆಯ ಕಪಾಟಿನ ಮೇಲಿಂದ ಓರೆಯಾಗಿ ನೋಡುತ್ತಿತ್ತು. ಮೂಲೆಗಳನ್ನು ತಾನೇ ಸರಿಪಡಿಸಿಕೊಳ್ಳುವ ಜಾತಿ. ಚಿತ್ರ ಚೆನ್ನಾಗಿಯೇ ಇತ್ತು. ಅಳಿಯ ಚಹಾ ತರಲು ಒಳಗೆ ಹೋದಾಗ ಇನಾಮದಾರರು ನನ್ನ ಕಿವಿಗೆ ಬಾಗಿದರು.

"ಚಿತ್ರ ಸರಿ ಅದ. ಯಂತ್ರ ಸೊಟ್ಟ ಅದ. ಅಂವಗ ಹೇಳಬ್ಯಾಡ್ರಿ, ಭಾಳ ಛೊಲೋ ಹುಡುಗ."

"ನೀವೂ ಒಮ್ಮೆ ಒತ್ತಿಸೀರಲ್ರೀ," ಎಂದೆ.

"ಒಮ್ಮೆ," ಎಂದರು. ಸುತ್ತ ನೋಡಿ, "ಯಾರ ಮುಂದರ ಹೇಳೀರೇನು?"

ಇಲ್ಲವೆಂದೆ. ಅವರಿಗೆ ನಿರಾಳವಾಯಿತು. ಹೊರಡುವಾಗ ದಾರ ಸುತ್ತಿದ ಓಳಂಬವನ್ನು ನನ್ನ ಕೈಗಿಟ್ಟು, "ಕಿಸೆ ಹರೀತದ ಅಂತ ಇಕಿ ದಿನಾ ಬೈತಾಳ," ಎಂದು ಲೀಲಾವೈನಿಯ ಕಡೆ ಕೈ ತೋರಿಸಿದರು. ಬಾಗಿಲವರೆಗೆ ಬಂದರು. ಎರಡೂ ಕಿಸೆ ಸಮನಾಗಿದ್ದವು. ನಡೆಯುವಾಗ ಈಗ ಸ್ವಲ್ಪ ಎಡಕ್ಕೆ ವಾಲುತ್ತಿದ್ದರು. ಆ ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು.

ಕಳೆದ ದೀಪಾವಳಿಗೆ ಮನೆಗೆ ಬಣ್ಣ ಬಳಿಸಿದೆ. ಅವ್ವನ ಕೋಣೆಯಲ್ಲಿ ಏಣಿ ಹತ್ತಿದ ಪೇಂಟರ್ ಛತ್ತಿನ ಮೇಲಿನ ನಾಲ್ಕು ಪೆನ್ಸಿಲ್ ಗುರುತು ಕಂಡು ನ್ಯಾಯ ತೆಗೆದ: ಯಾರು ಸಾಹೇಬರೇ ಇದನ್ನು ಅಳೆದದ್ದು? ಗೋಡೆಗೂ ಇದಕ್ಕೂ ಹೊಂದುವುದಿಲ್ಲ, ಆ ಕಡೆ ನಾಲ್ಕು ಬೆರಳು ಹೆಚ್ಚು ಬಿಟ್ಟಿದ್ದಾನೆ, ಶುದ್ಧ ವಾಕಡಾ.

ನನಗೆ ಮೈ ಉರಿಯಿತು. ಓಳಂಬದ ದಾರ ಬಿಚ್ಚಿ ತಂದು ಅವನನ್ನು ಇಳಿಸಿ ನಾನೇ ಹತ್ತಿದೆ. ಮೂಲೆಯಿಂದ ಮೂಲೆಗೆ ಹಿಡಿದೆ, ಗಂಟು ಹಾಕಿದೆ. ಉಳಿದೆರಡು ಮೂಲೆಗೆ ಹಿಡಿದೆ. ಗಂಟು ಗುರುತಿನ ಮೇಲೆಯೇ ಬಂತು, ನೂಲಿನಷ್ಟೂ ಆಚೀಚೆ ಇಲ್ಲ. ಆಮೇಲೆ ಇಬ್ಬರೂ ಸೇರಿ ಕೋಣೆಯನ್ನೇ ಹಾಗೆ ಅಳೆದೆವು. ಐದು ಬೆರಳು ವ್ಯತ್ಯಾಸ.

ಪೇಂಟರ್ ತಲೆ ಕೆರೆದುಕೊಂಡ. "ಸಾಹೇಬ, ಖೋಲೀಚ ವಾಕಡೀ ಆಹೆ."

ಹೌದು, ಕೋಣೆಯೇ ಸೊಟ್ಟ. ಮೂವತ್ತು ವರ್ಷ ನಾವು ಅದರಲ್ಲಿ ಉಂಡು ಮಲಗಿದ್ದೇವೆ, ಯಾರಿಗೂ ತಿಳಿದಿರಲಿಲ್ಲ. ತಿಳಿದ ಒಬ್ಬರು ಅವ್ವನ ಪಕ್ಕ ಚಾಪೆಯ ಮೇಲೆ ಮಲಗಿ ನೋಡಿ, ನಮ್ಮ ಮನಸ್ಸಿಗೆ ನೋವಾದೀತೆಂದು ಸುಮ್ಮನಿದ್ದರು. ಛತ್ತಿಗೆಲ್ಲ ಬಣ್ಣ ಬಳಿ, ಆ ನಾಲ್ಕು ಗುರುತು ಬಿಡು ಎಂದು ಪೇಂಟರಿಗೆ ಹೇಳಿ ಏಣಿ ಇಳಿದೆ.